ಸಾಡೇಸಾತಿಗಿಂತ ಅರ್ಧ ವರ್ಷ ಕಮ್ಮಿ

ಮೊನ್ನೆ ಭಾನುವಾರ ಮಗನ ಹುಟ್ಟುಹಬ್ಬ. ನನ್ನ ಭಾವಮೈದ ಜಯನಗರದಿಂದ ಹೆಬ್ಬಾಳಕ್ಕೆ ಒಂದೂವರೆ ಗಂಟೆ ಟ್ರಾಫಿಕ್ಕಲ್ಲಿ ಒದ್ದಾಡಿ ಬಂದು ಗೇಮ್ ಡಿಸ್ಕ್ ಕೊಟ್ಟ. ಮಗ ಪ್ಲಾಸ್ಟಿಕ್ ಹರಿದು ಮಷಿನ್ನಿಗೆ ತೂರಿಸಿದ. ಅದು ಗೊರಗೊರ ಅಂದು, ಓದಲ್ಲ ಅಂತ ಮುಖ ತಿರುಗಿಸಿತು. ನೋಡಿದರೆ ಪಿಎಸ್ 5, ಅಂದರೆ ಪ್ಲೇಸ್ಟೇಷನ್ ಅನ್ನೋ ಟಿವಿ ಗೇಮ್ ಮಷಿನ್ನಿನ ಐದನೇ ತಲೆಮಾರಿನ ಡಿಸ್ಕ್. ನಮ್ಮದು ಪಿಎಸ್ 4. ನಾಲ್ಕರದ್ದು ಐದರಲ್ಲಿ ಓಡುತ್ತದೆ, ಐದರದ್ದು ನಾಲ್ಕರಲ್ಲಿ ಓಡಲ್ಲ. ಮೇಲಿನ ಮನೆಯವರು ನಮ್ಮಿಂದ ಮೊಸರು ಇಸ್ಕೊಂಡು, ನಾವು ಕೇಳಿದಾಗ ಹೆಪ್ಪೂ ಇಲ್ಲ ಅಂದ ಹಾಗೆ.

ನಮ್ಮ ಪಿಎಸ್ 4 ಅನ್ನು ನಾನು 2019ರ ದೀಪಾವಳಿಗೆ ಇಎಂಐಯಲ್ಲಿ ತಂದಿದ್ದೆ. ಕೊನೇ ಕಂತು ಕಟ್ಟಿ ಉಸ್ಸಪ್ಪಾ ಅನ್ನುವಷ್ಟರಲ್ಲಿ 2020ರ ನವೆಂಬರ್ ಬಂತು, ಜೊತೆಗೆ ಪಿಎಸ್ 5 ಕೂಡ. ಮೂರನೆಯದು 2006, ನಾಲ್ಕನೆಯದು 2013, ಐದನೆಯದು 2020. ಸರಿಯಾಗಿ ಏಳೇಳು ವರ್ಷ. ಶನಿಯಾದರೂ ಏಳೂವರೆ ವರ್ಷ ಜೊತೆಗಿರುತ್ತಾನೆ.

ಅಮ್ಮನಿಗೆ ಈ ಲೆಕ್ಕ ಹತ್ತುವುದಿಲ್ಲ. ಅವಳ ಮಿಕ್ಸಿ 1994ರದ್ದು, ಜಪಾನಿನಲ್ಲಿ ಮೊದಲ ಪ್ಲೇಸ್ಟೇಷನ್ ಬಂದ ವರ್ಷ. ಮೂರು ಸಲ ಕಪ್ಲರ್ ಬದಲಾಗಿದೆ, ಎರಡು ಸಲ ಬ್ಲೇಡು. ಚಟ್ನಿ ಮಾತ್ರ ಅದೇ. ಮನೆಯ ವಸ್ತು ಬಾಳಿಕೆ ಬರಬೇಕಾದರೆ ಬಟ್ಟೆ ಹೊದಿಸಬೇಕು ಅನ್ನುವುದು ಅವಳ ಸಿದ್ಧಾಂತ. ಫ್ರಿಜ್ಜಿಗೆ, ಟಿವಿಗೆ, ರಿಮೋಟಿಗೆ ಎಲ್ಲಕ್ಕೂ ಹೊದಿಕೆ. ಪಿಎಸ್ 4ಗೆ ಅವಳೇ ಹೆಣೆದ ಕ್ರೋಶಾ ಕವರ್, ನಾಲ್ಕೂ ಮೂಲೆಗೆ ಕುಚ್ಚು. ಬಿಸಿಗಾಳಿ ಹೋಗೋ ಕಿಂಡಿಗಳೆಲ್ಲ ಬಂದ್. ನಾನು ತೆಗೆದಿಡುತ್ತೇನೆ, ಹಲ್ಲುಜ್ಜಿ ಬರುವಷ್ಟರಲ್ಲಿ ಅದು ಮತ್ತೆ ಹೊದ್ದುಕೊಂಡಿರುತ್ತದೆ. "ಶೀತ ಆಗಲ್ಲಮ್ಮ ಅದಕ್ಕೆ" ಅಂದರೆ, "ಧೂಳು ಕೂತ್ರೆ ನೀನು ಒರೆಸ್ತೀಯೇನೋ?" ಅನ್ನುತ್ತಾಳೆ. ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಅವತ್ತೂ ಕವರಿನೊಳಗೇ ಆನ್ ಆಗಿತ್ತು. ಫ್ಯಾನು ಹೊಯ್ಕೊಳ್ಳೋಕೆ ಶುರು ಮಾಡಿತು. ಅಮ್ಮ ಅಡುಗೆಮನೆಯಿಂದ ಕೂಗಿದಳು, "ಎಷ್ಟು ವಿಶಲ್ ಆಯ್ತೋ?"

ಆಮೇಲೆ ಹೊರಗೆ ಬಂದು ಡಿಸ್ಕನ್ನು ಸೆರಗಿನಿಂದ ಒರೆಸಿ, ಉಫ್ ಅಂತ ಊದಿ ಕೊಟ್ಟಳು. ನನಗೆ ಕೋಪ ಅಲ್ಲೇ ಇಳಿಯಿತು. ಬೇಸಿಗೆ ರಜೆಯಲ್ಲಿ ತುಮಕೂರಿನ ಅಜ್ಜಿ ಮನೆಯಲ್ಲಿ ಟಿವಿ ಗೇಮಿನ ಹಳದಿ ಕ್ಯಾಸೆಟ್ಟನ್ನು ನಾವೂ ಹೀಗೇ ಊದುತ್ತಿದ್ದೆವು. ಡಬ್ಬದ ಮೇಲೆ 9999 ಗೇಮು ಅಂತಿರುತ್ತಿತ್ತು, ಒಳಗೆ ಅದದೇ ಹತ್ತೋ ಹನ್ನೆರಡೋ. ಐದು ಜನಕ್ಕೆ ಎರಡು ರಿಮೋಟು. ಒಂದು ಲೈಫ್ ಹೋದರೆ ಮುಂದಿನವನಿಗೆ ಬಿಟ್ಟುಕೊಡಬೇಕು. ಅದು ಯಾವ ಜನರೇಷನ್ ಅಂತ ಯಾರೂ ಕೇಳಲಿಲ್ಲ. ಊದಿದರೆ ಓಡುತ್ತಿತ್ತು.

ಇದು ಊದಿದರೂ ಓಡಲಿಲ್ಲ. ಪ್ಲಾಸ್ಟಿಕ್ ಹರಿದಿದ್ದಕ್ಕೆ ಅಂಗಡಿಯವರು ವಾಪಸ್ಸೂ ತಗೊಳ್ಳಲ್ಲವಂತೆ. "ಇರ್ಲಿ ಬಿಡೋ, ಮುಂದೆ ಬೇಕಾಗುತ್ತೆ" ಅಂದ ಅಮ್ಮ ಅದನ್ನು ಶೋಕೇಸಿನಲ್ಲಿಟ್ಟಿದ್ದಾಳೆ. ಈಗ ಅದರ ಅಳತೆಗೆ ಒಂದು ಕವರ್ ಹೆಣೆಯುತ್ತಿದ್ದಾಳೆ.