ಗ್ರಾಫೀನ್‌ಗೂ ನೀರಿಗೂ ಆಗಿಬರಲ್ಲ ಅನ್ನೋದು ಪೂರ್ತಿ ನಿಜವಲ್ಲ

"ಗ್ರಾಫೀನ್ ಮೇಲೆ ನೀರು ನಿಲ್ಲೋದೇ ಇಲ್ಲ, ಕೆಸುವಿನ ಎಲೆ ಥರ ಜಾರಿ ಹೋಗುತ್ತದೆ" ಎಂಬ ಮಾತು ಸುತ್ತಾಡುತ್ತಿದೆ. ಇದು ತಪ್ಪು. ಗ್ರಾಫೀನ್ ಅಂದರೆ ಇಂಗಾಲದ ಪರಮಾಣುಗಳ ಒಂದೇ ಪದರದ ಹಾಳೆ.

ಹನಿಯನ್ನು ಪಕ್ಕದಿಂದ ನೋಡಿ. ಅದರ ಅಂಚು ಮೇಲ್ಮೈಗೆ ತಾಗುವ ಜಾಗದಲ್ಲಿ ನೀರಿನೊಳಗೆ ಒಂದು ಕೋನ ಇರುತ್ತದೆ. ಅದು 90 ಡಿಗ್ರಿಗಿಂತ ಕಮ್ಮಿಯಾದರೆ ನೀರು ಒಲಿದಿದೆ ಎಂದರ್ಥ, ಜಾಸ್ತಿಯಾದರೆ ದೂರ ಸರಿಯುತ್ತಿದೆ. ಕೆಸುವಿನ ಎಲೆಯಲ್ಲಿ ಇದು 150ರ ಆಸುಪಾಸು. ಗ್ರಾಫೀನ್ ಅಲ್ಲಿಗೆ ಹತ್ತಿರವೂ ಬರುವುದಿಲ್ಲ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಹಳೆಯ ಅಳತೆಗಳಲ್ಲಿ. ಗ್ರಾಫೀನ್ ಪದರಗಳೇ ಒಂದರ ಮೇಲೊಂದು ಕೂತು ಆದ ಗ್ರಾಫೈಟ್ ಮೇಲೆ ಕೋನ ಸುಮಾರು 90 ಎಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಆಗಷ್ಟೇ ಪದರ ಕಿತ್ತ ಗ್ರಾಫೈಟ್ ಮೇಲೆ ಕೋನ ಸುಮಾರು 64 ಡಿಗ್ರಿ ಮಾತ್ರ! ಗಾಳಿಗೆ ತೆರೆದಿಟ್ಟಂತೆ ಅದು ಏರುತ್ತಾ 90 ದಾಟಿತು. ಗಾಳಿಯಲ್ಲಿರುವ ಹೈಡ್ರೋಕಾರ್ಬನ್ (ಇಂಗಾಲ, ಜಲಜನಕ ಸೇರಿದ) ಅಣುಗಳು ಮೇಲೆ ಕೂತು, ಕಣ್ಣಿಗೆ ಕಾಣದ ಜಿಡ್ಡಿನ ಪದರ ಕಟ್ಟುತ್ತವೆ. ಅಂದರೆ ಇಷ್ಟು ವರ್ಷ ಅಳೆದದ್ದು ಜಿಡ್ಡನ್ನು, ಅಲ್ವಾ? ಇದೇ ಥರ ತೆಳು ಪದರಗಳಿರುವ ಇನ್ನೊಂದು ವಸ್ತು ಮಾಲಿಬ್ಡಿನಂ ಡೈಸಲ್ಫೈಡಿನದೂ ಹೆಚ್ಚುಕಮ್ಮಿ ಇದೇ ಕಥೆ.

ಇನ್ನೊಂದು ತೊಡಕಿದೆ. ಒಂದೇ ಪದರದ ಗ್ರಾಫೀನ್ ದಪ್ಪ ಬರೀ 0.34 ನ್ಯಾನೋಮೀಟರ್. ಹಾಗಾಗಿ ಕೆಳಗಿರುವ ತಾಮ್ರವೋ ಸಿಲಿಕಾನೋ ಅದರ ಮೂಲಕವೇ ನೀರನ್ನು ಸೆಳೆಯಬಲ್ಲದು. ಎಷ್ಟರ ಮಟ್ಟಿಗೆ ಎಂಬ ಜಗಳ ಇನ್ನೂ ಮುಗಿದಿಲ್ಲ.

ಗ್ರಾಫೀನ್ ಆಕ್ಸೈಡನ್ನೂ ಇದರ ಜೊತೆ ಸುಮ್ನೆ ಬೆರೆಸಬೇಡಿ. ಅದರಲ್ಲಿ ಆಮ್ಲಜನಕದ ಗುಂಪುಗಳಿವೆ, ನೀರಿನಲ್ಲಿ ಚೆನ್ನಾಗಿಯೇ ಹರಡಿಕೊಳ್ಳುತ್ತದೆ.