ಬಿಸಿನೀರಿನ ಫ್ಲಾಸ್ಕು

ಚೀನಾಕ್ಕೆ ಓದಲು ಹೊರಟವರಿಗೆ ಬುದ್ಧಿ ಹೇಳುವವರಿಗೇನೂ ಬರವಿಲ್ಲ. ಇಳಿದ 24 ಗಂಟೆಯೊಳಗೆ ವಿಳಾಸ ನೋಂದಾಯಿಸಬೇಕು, 30 ದಿನದೊಳಗೆ ವಾಸದ ಪರ್ಮಿಟ್‌ಗೆ ಅರ್ಜಿ ಕೊಡಬೇಕು, ಎಲ್ಲವೂ ಸರಿ. ಆದರೆ ಮೊದಲ ಸಂಜೆಯೇ ಬೇಕಾಗುವ ಫ್ಲಾಸ್ಕಿನ ಮಾತನ್ನು ಯಾರೂ ಎತ್ತುವುದಿಲ್ಲ.

ಅಲ್ಲಿ ನಲ್ಲಿ ನೀರನ್ನು ಹಸಿಯಾಗಿ ಕುಡಿಯುವ ರೂಢಿಯಿಲ್ಲ. ಚಹಾದ ನಾಡು, ಕಾಯಿಸುವ ಅಭ್ಯಾಸ ಹಳೆಯದೇ. 1952ರಲ್ಲಿ ಶುರುವಾದ ಆರೋಗ್ಯ ಆಂದೋಲನ ಅದನ್ನು ಮನೆಮನೆಯ ನಿಯಮ ಮಾಡಿತು. ಹೋಟೆಲಿನಲ್ಲಿ ಕೂತರೆ ಮೊದಲು ಬರುವುದು ಬಿಸಿನೀರು. ನೆಗಡಿ, ಹೊಟ್ಟೆನೋವು, ಪರೀಕ್ಷೆಯ ಭಯ, ಯಾವುದಕ್ಕೂ ಸಿಗುವ ಸಲಹೆ ಒಂದೇ: ಬಿಸಿನೀರು ಹೆಚ್ಚು ಕುಡಿ. ದೂರದ ರೈಲಿನಲ್ಲಂತೂ ಬೋಗಿಯ ತುದಿಯಲ್ಲೇ ಬಾಯ್ಲರ್ ಇರುತ್ತದೆ.

ಹಾಸ್ಟೆಲಿನಲ್ಲಿ ಕುಕ್ಕರ್, ನೀರು ಕಾಯಿಸುವ ಕಾಯಿಲ್, ಬಹಳ ಕಡೆ ಕೆಟಲ್ ಕೂಡ ನಿಷಿದ್ಧ. ಹೆಚ್ಚು ವ್ಯಾಟಿನದ್ದು ಹಚ್ಚಿದರೆ ಕೋಣೆಯ ಕರೆಂಟು ಹೋಗುತ್ತದೆ, ಹಿಂದೆಯೇ ಮೇಲ್ವಿಚಾರಣೆಯ ‘ಆಯಿ’ ಬಾಗಿಲು ತಟ್ಟುತ್ತಾರೆ. ಹಾಗಾಗಿ ಕುದಿನೀರಿಗೆ ಕಾಯ್‌ಶುಯ್‌ಫಾಂಗ್ ಎಂಬ ನೀರಿನ ಕೋಣೆಯೇ ಗತಿ. ಹೊಸ ಕಟ್ಟಡಗಳಲ್ಲಿ ಮಹಡಿಗೊಂದು ನಲ್ಲಿ, ಕಾರ್ಡ್ ತೋರಿಸಿದರೆ ನೀರು. ಹಳೆಯ ಕ್ಯಾಂಪಸ್ಸಿನಲ್ಲಿ ಅದಕ್ಕೆ ಹೊತ್ತುಗೊತ್ತು ಉಂಟು. ಬೆಳಿಗ್ಗೆ ಫ್ಲಾಸ್ಕನ್ನು ಬಾಗಿಲಲ್ಲಿ ಸಾಲಿಗೆ ಇಟ್ಟು ಕ್ಲಾಸಿಗೆ ಹೋಗಿ, ಸಂಜೆ ತುಂಬಿಸಿಕೊಂಡು ಬರುತ್ತಾರೆ. ಹಿಡಿಕೆಗೆ ಬಣ್ಣದ ದಾರ ಕಟ್ಟದಿದ್ದರೆ ನಿಮ್ಮದು ಯಾರದೋ ಆಗುತ್ತದೆ.

ಕೊಳ್ಳುವಾಗ ಐದು ಪೌಂಡಿನದನ್ನು ಕೇಳಿ; ಎರಡು ಲೀಟರ್ ಹಿಡಿಯುತ್ತದೆ. ಎಂಟು ಪೌಂಡಿನದು 3.2 ಲೀಟರ್, ತುಂಬಿಸಿ ಮೆಟ್ಟಿಲು ಹತ್ತುವಾಗ ಆಸೆ ಇಳಿದುಹೋಗುತ್ತದೆ. ಒಳಗಿರುವುದು ಬೆಳ್ಳಿ ಬಳಿದ ಎರಡು ಪದರದ ಗಾಜು, ನಡುವೆ ಗಾಳಿ ತೆಗೆದ ಜಾಗ. ಗಾಳಿ ಎಳೆದು ಬೆಸೆದ ಗಾಜಿನ ಮೊನೆಯೊಂದು ತಳದಲ್ಲಿ ಚಾಚಿಕೊಂಡಿರುತ್ತದೆ. ಫ್ಲಾಸ್ಕಿನ ಪ್ರಾಣ ಅದರಲ್ಲೇ. ಧೊಪ್ಪೆಂದು ನೆಲಕ್ಕೆ ಕುಕ್ಕಿದಾಗ ಅದು ಮುರಿದರೆ, ಹೊರಗಿನ ಡಬ್ಬಿ ನೆಟ್ಟಗಿದ್ದರೂ ನೀರು ಬೇಗನೆ ಆರಿಹೋಗುತ್ತದೆ. ಗಾಜಿನ ಒಳಭಾಗ ಬಿಡಿಯಾಗಿ ಸಿಗುತ್ತದೆ, ಹೊಸದು ಕೊಳ್ಳಬೇಕಿಲ್ಲ.

ಚಳಿಯಲ್ಲಿ ತಣ್ಣಗಾದ ಫ್ಲಾಸ್ಕಿಗೆ ಏಕಾಏಕಿ ಕುದಿನೀರು ಸುರಿದರೆ ಗಾಜು ಬಿರಿಯುತ್ತದೆ. ಮೊದಲು ಒಂದು ಲೋಟ ಹಾಕಿ ಕುಲುಕಿ ಚೆಲ್ಲಬೇಕು. ಬಾಯಿಮಟ್ಟ ತುಂಬಿಸಲೂ ಬಾರದು. ಬಿರಡೆಗೂ ನೀರಿಗೂ ನಡುವೆ ಎರಡು ಬೆರಳು ಗಾಳಿಯಿದ್ದರೆ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ. ಇನ್ನು ಆ ಬಿರಡೆಯದೇ ಒಂದು ಗತ್ತು. ಅರ್ಧ ಖಾಲಿಯಾದದ್ದಕ್ಕೆ ಕುದಿನೀರು ಸೇರಿಸಿ ಗಟ್ಟಿಯಾಗಿ ಒತ್ತಿದರೆ, ಒಳಗೆ ಸಿಕ್ಕ ತಣ್ಣನೆಯ ಗಾಳಿ ಕಾದು ಹಿಗ್ಗಿ, ಟಪ್ಪೆಂದು ಅದನ್ನು ಹಾರಿಸುತ್ತದೆ. ಸಡಿಲವಾಗಿ ಇಟ್ಟು, ಅರೆ ನಿಮಿಷ ಕಾದು, ಆಮೇಲೆ ಒತ್ತಿ. ಉತ್ತರದ ಗಡಸು ನೀರಿಗೆ ಒಳಗೆ ಬಿಳಿ ಕರೆ ಕಟ್ಟಿದರೆ, ಬೆಚ್ಚಗಿನ ನೀರಿಗೆ ವಿನೆಗರ್ ಬೆರೆಸಿ ರಾತ್ರಿಯಿಡೀ ಬಿಟ್ಟರಾಯಿತು.

ಕನ್ನಡದ ಹೊಟ್ಟೆಗೂ ಇದರಲ್ಲಿ ದಾರಿಯಿದೆ. ಫಿಲ್ಟರ್ ಕಾಫಿಗೆ ಒಲೆಯೇ ಬೇಡವಲ್ಲ! ಆದರೆ ರಾತ್ರಿ ತುಂಬಿದ ನೀರಿಗೆ ಡಿಕಾಕ್ಷನ್ ತೆಳುವಾಗಿ ಇಳಿಯುತ್ತದೆ. ನಲ್ಲಿಯಿಂದ ತಂದ ಕೂಡಲೇ ಹಾಕಬೇಕು. ಸುಮಾರು 1,900 ಮೀಟರ್ ಎತ್ತರದ ಕುನ್‌ಮಿಂಗ್‌ನಲ್ಲಿ ನೀರು 94 ಡಿಗ್ರಿಯ ಆಸುಪಾಸಿಗೇ ಕುದಿಯುವುದರಿಂದ ಪುಡಿ ಒಂದು ಚಮಚ ಹೆಚ್ಚಿರಲಿ. ಊರಿನಿಂದ ಒಗ್ಗರಣೆ ಹಾಕಿ ಹುರಿದ ರವೆ ತಂದಿದ್ದರೆ, ಒಂದು ಲೋಟಕ್ಕೆ ಎರಡು ಲೋಟ ಕುದಿನೀರು ಸುರಿದು ಕಲಸಿ, ಹತ್ತು ನಿಮಿಷ ಮುಚ್ಚಿಡಿ. ಮದುವೆ ಮನೆಯ ಉಪ್ಪಿಟ್ಟಾಗದು, ಆದರೂ ಉಪ್ಪಿಟ್ಟೇ.

ಸ್ನಾನದ ಲೆಕ್ಕವೂ ಇದರ ಮೇಲೆಯೇ. ಬೀಜಿಂಗಿನಂಥ ಉತ್ತರದ ಊರುಗಳಲ್ಲಿ ನವೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಕೋಣೆಗೆ ಕೊಳವೆಯ ಕಾವು ಬರುತ್ತದೆ. ದಕ್ಷಿಣದ ಬಹುತೇಕ ಊರುಗಳಿಗೆ ಆ ಭಾಗ್ಯವಿಲ್ಲ. ಅಲ್ಲಿ ಎರಡು ಫ್ಲಾಸ್ಕು, ಅಂದರೆ ನಾಲ್ಕು ಲೀಟರ್ 90 ಡಿಗ್ರಿಯ ನೀರಿಗೆ, ಸುಮಾರು 10 ಡಿಗ್ರಿಯ ಆರೂಮುಕ್ಕಾಲು ಲೀಟರ್ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಅರ್ಧ ಬಕೆಟ್‌ಗಿಂತ ತುಸು ಹೆಚ್ಚು ಸಿಗುತ್ತದೆ. ಹಂಡೆನೀರಿನ ಮಲೆನಾಡಿನವರು ಗೊಣಗಿಯಾರು. ತಲೆಗೆ ಒಂದು ದಿನ, ಮೈಗೆ ಒಂದು ದಿನ ಎಂದು ಹಂಚಿಕೊಂಡರೆ ಸಾಕಾಗುತ್ತದೆ.

ರಜೆಗೆ ಊರಿಗೆ ಹೊರಡುವಾಗ ಫ್ಲಾಸ್ಕು ಖಾಲಿ ಮಾಡಿ, ಬಿರಡೆ ತೆಗೆದು ಪಕ್ಕದಲ್ಲಿಡಿ. ಮುಚ್ಚಿಟ್ಟು ಹೋದರೆ ಮುಗ್ಗಲು ವಾಸನೆ ಹಿಡಿದು, ಬಂದ ಮೇಲೆ ಮಾಡಿದ ಮೊದಲ ಕಾಫಿಯನ್ನು ಸಿಂಕಿಗೆ ಚೆಲ್ಲಬೇಕಾಗುತ್ತದೆ.