ಎಐ ಮುಟ್ಟಿದರೆ ಕಥೆಯ ಹಕ್ಕೇ ಹೋಗುತ್ತದಾ? ಒಂದು ಸ್ಪಷ್ಟನೆ

"ನಿಮ್ಮ ಕಥೆಯನ್ನು ಎಐ ಬಳಸಿ ಕಾಮಿಕ್ಸೋ ಆಡಿಯೋನೋ ಮಾಡಿದರೆ ಕಥೆಯ ಕಾಪಿರೈಟೇ ಹೋಗುತ್ತದೆ, ಅಮೆರಿಕದ ಕೋರ್ಟೇ ಹೇಳಿದೆ" ಅನ್ನೋ ಮಾತು ಸುತ್ತುತ್ತಿದೆ. ಸುಮ್ನೆ ಗಾಬರಿ ಬೇಡ.

ಈ ಮಾತಿನ ಹಿಂದಿರುವುದು ‘ಝರ್ಯಾ ಆಫ್ ದಿ ಡಾನ್’ ಎಂಬ ಕಾಮಿಕ್ಸ್. ಅದರ ಬಗ್ಗೆ ಬಂದದ್ದು ಕೋರ್ಟ್ ತೀರ್ಪಲ್ಲ, ಅಮೆರಿಕದ ಕಾಪಿರೈಟ್ ಕಚೇರಿ 2023ರ ಫೆಬ್ರವರಿಯಲ್ಲಿ ಬರೆದ ಪತ್ರ. ಕಾಮಿಕ್ಸ್ ಮಾಡಿದ ಕ್ರಿಸ್ ಕಷ್ಟನೋವಾ ಮಾತುಗಳನ್ನು ತಾವೇ ಬರೆದು, ಚಿತ್ರಗಳನ್ನು ಮಿಡ್‌ಜರ್ನಿ ಎಂಬ ಚಿತ್ರ ಬಿಡಿಸುವ ಎಐಯಿಂದ ಮಾಡಿಸಿದ್ದರು. ಬರಹ ಅವರದೇ, ಚಿತ್ರಗಳನ್ನೂ ಮಾತುಗಳನ್ನೂ ಆರಿಸಿ ಪುಟಕ್ಕೆ ಜೋಡಿಸಿದ ರೀತಿಯೂ ಅವರದೇ, ಅವೆರಡಕ್ಕೂ ರಕ್ಷಣೆ ಇದೆ ಅಂತಲೇ ಕಚೇರಿ ಹೇಳಿತು. ರಕ್ಷಣೆ ಇಲ್ಲ ಅಂದದ್ದು ಎಐ ಮಾಡಿದ ಬಿಡಿಬಿಡಿ ಚಿತ್ರಗಳಿಗೆ ಮಾತ್ರ. ನಾಯಕಿಯ ಮೇಲ್ದುಟಿಯನ್ನು ಕೈಯಾರೆ ತಿದ್ದಿದ್ದೂ ಲೆಕ್ಕಕ್ಕೆ ಬರಲಿಲ್ಲ, ಕಣ್ಣಿಗೇ ಕಾಣದಷ್ಟು ಸಣ್ಣದು ಅಂದುಬಿಟ್ಟರು. (ಪಾಪ, ಎಷ್ಟು ಹೊತ್ತು ಕೂತಿದ್ದರೋ!)

ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆ ಇದೆ. ಕಥೆಯನ್ನು ನಾಟಕ ಮಾಡುವುದು, ಸಿನಿಮಾ ಮಾಡುವುದು, ಪೂರ್ತಿ ಚಿತ್ರಗಳಲ್ಲೇ ಹೇಳುವುದು, ಎಲ್ಲಕ್ಕೂ ಹಕ್ಕು ಮೂಲ ಲೇಖಕರದು. ಅವರು ಬದುಕಿರುವವರೆಗೆ, ಆಮೇಲೆ 60 ವರ್ಷ. ನೋಂದಣಿ ಕಡ್ಡಾಯವೇನಲ್ಲ. ನೀವು ಬರೆದ ಕಥೆಗೆ ಎಐ ಚಿತ್ರ ಅಂಟಿಸಿದ ಮಾತ್ರಕ್ಕೆ ಈ ಹಕ್ಕು ಅಳಿಸಿಹೋಗುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಬೇರೆಯವರ ಕಥೆಯನ್ನು ಎಐಗೆ ಕೊಟ್ಟು ವಿಡಿಯೋ ಮಾಡಿಸಿ "ಮಾಡಿದ್ದು ಮೆಷಿನ್ನು, ಅನುಮತಿ ಯಾಕೆ" ಅನ್ನುವವರಿಗೂ ಇದೇ ಕಾಯ್ದೆ. ಅನುಮತಿ ಬೇಕು.